ಒಪ್ಪಿತು ಎಂದರೆ ಏನು ಒಪ್ಪಿತು?

ಲಿನಕ್ಸ್ ಕರ್ನಲ್‌ಗೆ ಹೊರಗಿನಿಂದ ಸೇರಿಸುವ ಒಂದು ಮಾಡ್ಯೂಲ್, ಕರ್ನಲ್‌ನ ಬೇರೆ ಬೇರೆ ಆವೃತ್ತಿಗಳೊಂದಿಗೆ ಕಂಪೈಲ್ ಆಗುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸದ ಒಂದು ಭಾಗ. ಕೇಳುವುದಕ್ಕೆ ಒಣ ಕೆಲಸ. ಆದರೆ ಅದರೊಳಗೆ ಹಳೆಯದೊಂದು ಪ್ರಶ್ನೆ ಕೂತಿದೆ: ‘ಇದು ನನಗೆ ಗೊತ್ತು’ ಎಂದು ಇನ್ನೊಬ್ಬರಿಗೆ ಹೇಳುವ ಹಕ್ಕು ನನಗೆ ಯಾವಾಗ ಬರುತ್ತದೆ?

ಕರ್ನಲ್ ಎಂದರೆ ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತ ತಿರುಳು. ಮಾಡ್ಯೂಲ್ ಎಂದರೆ ಬೇಕಾದಾಗ ಅದರೊಳಕ್ಕೆ ಸೇರಿಸಬಹುದಾದ ತುಣುಕು. ಸಾಧನವೊಂದರ ಡ್ರೈವರ್ ಇದಕ್ಕೆ ಉದಾಹರಣೆ. ಬಳಕೆದಾರರ ತಂತ್ರಾಂಶಗಳಿಗೆ ಲಿನಕ್ಸ್ ಒಂದು ಮಾತು ಕೊಟ್ಟಿದೆ: ನಿನ್ನೆ ನಡೆದದ್ದು ನಾಳೆಯೂ ನಡೆಯಬೇಕು. ಮಾಡ್ಯೂಲ್‌ಗಳಿಗೆ ಆ ಮಾತಿಲ್ಲ. ಕರ್ನಲ್‌ನ ಒಳಗಿನ ಏರ್ಪಾಡುಗಳು ಯಾವಾಗ ಬೇಕಾದರೂ ಬದಲಾಗಬಹುದು. ಮೆಮೊರಿ ವಿಳಾಸವನ್ನು ಪರಿಶೀಲಿಸುವ ‘ಆಕ್ಸೆಸ್ ಓಕೆ’ ಎಂಬ ಕರೆಗೆ ಮೊದಲು 3 ವಿವರ ಕೊಡಬೇಕಿತ್ತು. 2019ರಲ್ಲಿ ಬಂದ 5.0 ಆವೃತ್ತಿಯಿಂದ ಎರಡೇ. ಹಳೆಯ ರೀತಿಯಲ್ಲಿ ಬರೆದ ಮಾಡ್ಯೂಲ್ ಅಲ್ಲಿ ಕಂಪೈಲ್ ಆಗುವುದಿಲ್ಲ.

ಆವೃತ್ತಿಯ ಸಂಖ್ಯೆ ನೋಡಿಯೇ ತೀರ್ಮಾನಿಸಬಹುದಲ್ಲ? ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ರೆಡ್ ಹ್ಯಾಟ್‌ನಂಥ ವಿತರಕರು ಹೊಸ ಕರ್ನಲ್‌ನ ಬದಲಾವಣೆಗಳನ್ನು ಹಳೆಯದಕ್ಕೆ ತಂದು ಸೇರಿಸುತ್ತಾರೆ. ಅವರ ಎಂಟನೆಯ ಆವೃತ್ತಿಯ ಕರ್ನಲ್ ಹೆಸರಿಗೆ 4.18, ಒಡಲಲ್ಲಿ ಅದಕ್ಕಿಂತ ಹೊಸದು ಎಷ್ಟೋ ಇದೆ. ನ್ಯಾಯದರ್ಶನದ ಮಾತಿನಲ್ಲಿ ಹೇಳುವುದಾದರೆ, ಸಂಖ್ಯೆಯಿಂದ ಸಿಗುವುದು ಅನುಮಾನ: ಹೊಗೆ ಕಂಡಿತು, ಬೆಂಕಿ ಇರಬೇಕು. ಮಂಜನ್ನೇ ಹೊಗೆ ಎಂದುಕೊಂಡರೆ ಅನುಮಾನ ಕೆಡುತ್ತದೆ. ಆದ್ದರಿಂದ ತಿಳಿದವರು ನಾಲ್ಕು ಸಾಲಿನ ಪರೀಕ್ಷೆಯೊಂದನ್ನು ಬರೆದು, ಆ ಕರ್ನಲ್‌ನ ಆಕರದ ಜೊತೆಗೇ ಕಂಪೈಲ್ ಮಾಡಿ ನೋಡುತ್ತಾರೆ. ಹೆಸರನ್ನು ನಂಬದೆ, ಅದನ್ನೇ ಕೇಳುತ್ತಾರೆ. ಊರು, ಓದು, ವಯಸ್ಸು ಕೇಳಿ ಮನುಷ್ಯನನ್ನು ಅಳೆದುಬಿಡುವ ನಾವು ಈ ಸೌಜನ್ಯವನ್ನು ಎದುರಿಗಿರುವವರಿಗೂ ತೋರಿಸಬಹುದು.

ಕೇಳಿದ್ದಾಯಿತು, ಕಂಪೈಲರ್ ಒಪ್ಪಿತು. ಒಪ್ಪಿದ್ದು ಏನನ್ನು? ‘ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಕಂಪೈಲರ್ ನೋಡುವುದೂ ಬಹುಮಟ್ಟಿಗೆ ಅಷ್ಟನ್ನೇ. ಒಂದು ಕರೆಯ ಹೆಸರು ಅದೇ, ವಿವರಗಳೂ ಅವೇ ಆಗಿದ್ದು, ಅದನ್ನು ಕರೆಯುವ ಮುನ್ನ ಒಂದು ಲಾಕ್ ಹಿಡಿದಿರಬೇಕೆಂಬ ನಿಯಮ ಹೊಸದಾಗಿ ಬಂದಿರಬಹುದು. ಅದು ಕಂಪೈಲರ್‌ಗೆ ಕಾಣದು. ಕೆಲಸದ ಒತ್ತಡ ಹೆಚ್ಚಿದ ಯಾವುದೋ ದಿನ, ಯಾರದೋ ಯಂತ್ರದಲ್ಲಿ ಕಾಣುತ್ತದೆ. ಸಾಮಾನ್ಯ ತಂತ್ರಾಂಶ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಕರ್ನಲ್‌ನೊಳಗೆ ತಪ್ಪಾದರೆ ಇಡೀ ಯಂತ್ರವೇ ನಿಲ್ಲಬಹುದು.

ಹೀಗಿರುವಾಗ, ಪಟ್ಟಿಯಲ್ಲಿ ‘ಹೊಂದುತ್ತದೆ’ ಎಂದು ಬರೆಯುವುದು ನೈತಿಕ ಪ್ರಶ್ನೆಯಾಗುತ್ತದೆ. ಆ ಪದವನ್ನು ಓದುವವರು ನನ್ನ ಪರೀಕ್ಷೆಯನ್ನು ಕಂಡವರಲ್ಲ. ನನ್ನ ಮಾತನ್ನು ನಂಬಿ ತಮ್ಮ ಯಂತ್ರವನ್ನು ಒಪ್ಪಿಸುವವರು. ಇಷ್ಟು ಅನುಮಾನಪಟ್ಟರೆ ಯಾರೂ ಏನನ್ನೂ ಹೇಳುವಂತಿಲ್ಲ ಎಂದು ಒಬ್ಬ ಸಹೋದ್ಯೋಗಿ ವಾದಿಸುತ್ತಾರೆ. ಓಡಿಸಿ ನೋಡಿದರೂ ಎಲ್ಲವನ್ನೂ ನೋಡಿದಂತಾಗುವುದಿಲ್ಲ, ನಿಜ. ಆದರೆ ಮೌನ ಮತ್ತು ಪೂರ್ಣ ಭರವಸೆ, ಇವೆರಡರ ನಡುವೆ ಜಾಗವಿದೆ. ‘ಈ ಆಕರದೊಂದಿಗೆ ಕಂಪೈಲ್ ಆಗಿದೆ, ಓಡಿಸಿ ನೋಡಿಲ್ಲ’ ಎಂದು ಬರೆಯಬಹುದು. ಇದರಿಂದ ಪಟ್ಟಿಯ ಅಂದ ಕೆಡುತ್ತದೆ, ಓದುವವರಿಗೆ ಕಿರಿಕಿರಿಯಾಗುತ್ತದೆ. ಆದರೆ ಓಡಿಸಿ ನೋಡುವ ಕೆಲಸ ಇನ್ನೂ ಬಾಕಿಯಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ.