ತೋಟಕ್ಕೆ ನೀರು: ಆವಿಲಾದ ತೆರೇಸಾ ಕಂಡ ಪ್ರಾರ್ಥನೆ

ಮನುಷ್ಯ ಒಳ್ಳೆಯವನಾದ ಮೇಲೆ ದೇವರು ಅವನನ್ನು ಪ್ರೀತಿಸತೊಡಗುತ್ತಾರೆ ಎಂದು ಕ್ರೈಸ್ತ ಧರ್ಮ ಹೇಳುವುದಿಲ್ಲ. ದೇವರ ಪ್ರೀತಿ ಮೊದಲು, ಮನುಷ್ಯನ ಬದಲಾವಣೆ ಆಮೇಲೆ. ಸಂತ ಯೊವಾನ್ನರ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ ನಿಂತಿರುವುದೇ ಈ ಅನುಕ್ರಮದ ಮೇಲೆ. ಹಾಗಿದ್ದರೆ ಪ್ರಾರ್ಥನೆ ಏತಕ್ಕೆ? ಪ್ರೀತಿ ಆಗಲೇ ಸಿಕ್ಕಿದ್ದರೆ ಅದನ್ನು ಕೇಳುವ ಅಗತ್ಯವಿಲ್ಲ. ಪ್ರಾರ್ಥಿಸಿ ಗಳಿಸಬೇಕೆಂದರೆ ಅದು ಕೃಪೆಯಾಗಿ ಉಳಿಯುವುದಿಲ್ಲ. ಈ ತೊಡಕನ್ನು ದೇವಶಾಸ್ತ್ರಜ್ಞರು ತರ್ಕದಿಂದ ಬಿಡಿಸಲು ನೋಡಿದ್ದಾರೆ. ತನ್ನ ಬದುಕನ್ನೇ ಮುಂದಿಟ್ಟುಕೊಂಡು ಬಿಡಿಸಿದವರಲ್ಲಿ ಸ್ಪೇನಿನ ಆವಿಲಾ ಊರಿನ ತೆರೇಸಾ ಮುಖ್ಯರು.

ತೆರೇಸಾ ಹುಟ್ಟಿದ್ದು 1515ರಲ್ಲಿ. ಇಪ್ಪತ್ತರ ಹರೆಯದಲ್ಲಿ ಆವಿಲಾದಲ್ಲಿದ್ದ ಕಾರ್ಮೆಲ್ ಎಂಬ ಸಂನ್ಯಾಸಿ ಸಭೆಯ ಕನ್ಯಾಮಠ ಸೇರಿದರು. ಸಂತರ ಚರಿತ್ರೆಗಳಲ್ಲಿ ಮಠ ಸೇರಿದ ಮರುದಿನದಿಂದಲೇ ದರ್ಶನಗಳು ಶುರುವಾಗುವುದುಂಟು. ತೆರೇಸಾರ ಆತ್ಮಕಥೆ ಹಾಗಿಲ್ಲ. ಪ್ರಾರ್ಥನೆಗೆ ಕೂತರೆ ಗಂಟೆ ಯಾವಾಗ ಬಡಿಯುತ್ತದೋ ಎಂದು ಕಾಯುತ್ತಿದ್ದುದಾಗಿ ಅವರೇ ಬರೆದುಕೊಂಡಿದ್ದಾರೆ. ಪುಸ್ತಕವೊಂದು ಕೈಯಲ್ಲಿಲ್ಲದೆ ಪ್ರಾರ್ಥನೆಗೆ ಇಳಿಯಲು ಧೈರ್ಯ ಬರುತ್ತಿರಲಿಲ್ಲ. ಈ ಸ್ಥಿತಿ ಹದಿನೆಂಟು ವರ್ಷ ನಡೆಯಿತು. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಧ್ಯಾನವನ್ನು ಪೂರ್ತಿ ಬಿಟ್ಟಿದ್ದರು. ಬಿಟ್ಟ ಕಾರಣ ಗಮನಿಸುವಂಥದ್ದು: ಇಷ್ಟು ಕುಂದು ತುಂಬಿದವಳು ದೇವರೊಡನೆ ಸಲಿಗೆಯಿಂದ ಮಾತಾಡುವುದು ಸರಿಯಲ್ಲ ಎಂಬ ಅಳುಕು. ಮೇಲುನೋಟಕ್ಕೆ ಅದು ವಿನಯ. ಆದರೆ ತಮ್ಮ ಬದುಕಿನಲ್ಲಿ ಬಿದ್ದ ಅತ್ಯಂತ ಕೆಟ್ಟ ಬಲೆ ಅದೇ ಎಂದು ತೆರೇಸಾ ಆಮೇಲೆ ತೀರ್ಮಾನಿಸಿದರು. ಯೋಗ್ಯತೆ ಬಂದ ಮೇಲೆ ಪ್ರಾರ್ಥಿಸುತ್ತೇನೆ ಎನ್ನುವವರು, ವಾಸಿಯಾದ ಮೇಲೆ ವೈದ್ಯರ ಬಳಿ ಹೋಗುತ್ತೇನೆ ಎಂದಂತೆ.

ತಿರುವು ಬಂದದ್ದು 1554ರಲ್ಲಿ. ಯಾವುದೋ ಹಬ್ಬಕ್ಕೆಂದು ಮಠಕ್ಕೆ ತಂದಿಟ್ಟಿದ್ದ, ಮೈಯೆಲ್ಲ ಗಾಯವಾದ ಕ್ರಿಸ್ತನ ಪ್ರತಿಮೆ ಅವರ ಕಣ್ಣಿಗೆ ಬಿತ್ತು. ಹಿಂದೆಯೂ ಇಂಥ ಪ್ರತಿಮೆಗಳನ್ನು ಅವರು ನೋಡಿರಲೇಬೇಕು. ಈ ಸಲ ಮಾತ್ರ ಅದರ ಮುಂದೆ ಕುಸಿದು ಅತ್ತರು. ಅದೇ ಸುಮಾರಿಗೆ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವೂ ಕೈಗೆ ಬಂತು. ಆ ದಿನದ ಕಣ್ಣೀರಿಗಿಂತ ಅದರ ಹಿಂದಿನ ಕಾರಣ ದೊಡ್ಡದು. ಅಲ್ಲಿಯವರೆಗೆ ತಮ್ಮ ಪ್ರಯತ್ನದ ಮೇಲೆ ಸ್ವಲ್ಪವಾದರೂ ಭರವಸೆ ಇತ್ತು. ಆಗ ಅದು ಪೂರ್ತಿ ಹೋಯಿತು ಎನ್ನುತ್ತಾರೆ ತೆರೇಸಾ. ಕ್ರೈಸ್ತ ಅಧ್ಯಾತ್ಮದಲ್ಲಿ ಮನಸ್ಸು ತೆರೆಯುವುದು ಎನ್ನುವುದು ಇದನ್ನೇ. ಅದು ಭಾವಾವೇಶವಲ್ಲ, ತನ್ನ ಬಲದ ಲೆಕ್ಕಾಚಾರವನ್ನು ಕೆಳಗಿಡುವುದು.

ಹಾಗೆಂದು ಪ್ರಯತ್ನವೇ ಬೇಡವೆಂದಲ್ಲ. ಆತ್ಮಕಥೆಯ 11ನೆಯ ಅಧ್ಯಾಯದಿಂದ ತೆರೇಸಾ ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗಳಾಗಿ ವಿವರಿಸುತ್ತಾರೆ. ಮೊದಲನೆಯದು ಬಾವಿಯಿಂದ ಕೊಡದಲ್ಲಿ ಸೇದಿ ಹೊರುವುದು: ಮನಸ್ಸನ್ನು ಎಳೆದು ತಂದು ಕೂರಿಸಬೇಕು, ಕ್ರಿಸ್ತನ ಬದುಕನ್ನು ನೆನೆಯಬೇಕು, ತೋಳು ಸೋಲುತ್ತದೆ, ಒಮ್ಮೊಮ್ಮೆ ಬಾವಿಯೇ ಬತ್ತಿರುತ್ತದೆ. ಎರಡನೆಯದು ಗಡಿಗೆ ಕಟ್ಟಿದ ಚಕ್ರ ತಿರುಗಿಸಿ ನೀರೆತ್ತುವುದು. ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯಿಂದ ಹಾಯಿಸುವುದು. ನಾಲ್ಕನೆಯದು ಮಳೆ, ಅಲ್ಲಿ ತೋಟಗಾರನ ಕೈಕೆಲಸ ಏನೂ ಇಲ್ಲ. ಈ ನಾಲ್ಕನ್ನು ಶಾಲೆಯ ತರಗತಿಗಳಂತೆ ಎಣಿಸುವವರಿದ್ದಾರೆ. ಅದು ತೆರೇಸಾರ ಉದ್ದೇಶವಲ್ಲ. ಬಾವಿ ಬತ್ತಿದಾಗ ಏನು ಮಾಡಬೇಕು ಎಂಬುದೇ ಅವರಿಗೆ ಹೆಚ್ಚಿನ ಪ್ರಶ್ನೆ. ಸುಮ್ಮನೆ ಕೊಡ ಇಳಿಸುತ್ತಿರಬೇಕು; ತೋಟ ಕ್ರಿಸ್ತನದು, ನೀರಿಲ್ಲದೆಯೂ ಗಿಡ ಉಳಿಸಿಕೊಳ್ಳುವುದು ಅವನಿಗೆ ಗೊತ್ತು ಎನ್ನುವುದು ಅವರ ಉತ್ತರ. ಬತ್ತಿದ ಬಾವಿಯ ಮುಂದೆ ವರ್ಷಗಟ್ಟಲೆ ಕೂತವರಿಗಷ್ಟೇ ಇದನ್ನು ಹೇಳುವ ಹಕ್ಕಿದೆ.

ಆತ್ಮಕಥೆಯ ಹಸ್ತಪ್ರತಿ ಧಾರ್ಮಿಕ ವಿಚಾರಣಾ ಮಂಡಳಿಯ ವಶಕ್ಕೆ ಹೋದದ್ದರಿಂದ ತೆರೇಸಾ 1577ರಲ್ಲಿ ಇನ್ನೊಂದು ಪುಸ್ತಕ ಬರೆಯಬೇಕಾಯಿತು. ಆತ್ಮವನ್ನು ಏಳು ನಿಲಯಗಳುಳ್ಳ ಕೋಟೆಯಾಗಿ ಚಿತ್ರಿಸುವ ಆ ಗ್ರಂಥದ ಐದನೆಯ ನಿಲಯದಲ್ಲಿ ರೇಷ್ಮೆ ಹುಳು ಬರುತ್ತದೆ. ಹುಳು ಹಿಪ್ಪುನೇರಳೆ ಎಲೆ ತಿಂದು ಬೆಳೆದು, ತಾನೇ ನೂತ ಗೂಡಿನಲ್ಲಿ ಸತ್ತು, ಬಿಳಿ ಚಿಟ್ಟೆಯಾಗಿ ಹೊರಬರುತ್ತದೆ. ಆ ಗೂಡು ಕ್ರಿಸ್ತನೇ. ತಾವು ಇದನ್ನು ಕಣ್ಣಾರೆ ಕಂಡಿಲ್ಲ, ಕೇಳಿದ್ದಷ್ಟೇ ಎಂದು ತೆರೇಸಾ ಒಪ್ಪಿಕೊಳ್ಳುತ್ತಾರೆ. ಗೂಡು ಕಟ್ಟಲು ಸಿದ್ಧವಾದ ಹಣ್ಣುಹುಳುಗಳನ್ನು ಚಂದ್ರಂಕಿ ತಟ್ಟೆಗೆ ಬಿಟ್ಟು ಅನುಭವವಿರುವ ರಾಮನಗರದ ಕಡೆಯ ರೈತರಿಗೆ ಇನ್ನೊಂದು ಸಂಗತಿಯೂ ಗೊತ್ತು: ನೂಲು ಬೇಕೆಂದರೆ ಚಿಟ್ಟೆ ಹೊರಬರಲು ಬಿಡುವಂತಿಲ್ಲ, ಬಿತ್ತನೆ ಗೂಡಿನಲ್ಲಿ ಮಾತ್ರ ಅದಕ್ಕೆ ಅವಕಾಶ. ತೆರೇಸಾರಿಗೆ ನೂಲಿನ ಲಾಭ ಬೇಕಿರಲಿಲ್ಲ. ಸಾಧನೆಯ ನೂಲನ್ನು ಎಣಿಸುತ್ತ ಕೂತ ಆತ್ಮ ಗೂಡಿನಿಂದ ಹೊರಗೆ ಬರುವುದಿಲ್ಲ ಎಂಬ ಅರ್ಥವನ್ನು ಅವರ ಮಾತಿಗೆ ಕೂಡಿಸಿದರೆ ತಪ್ಪಾಗದು.

ಚಿಟ್ಟೆ ನಿಜವಾಗಿ ಹೊರಬಂದಿದೆಯೇ ಎಂದು ತಿಳಿಯುವುದು ಹೇಗೆ? ಇಲ್ಲಿ ತೆರೇಸಾ ತುಂಬ ಖಡಕ್ಕು. ದೇವರನ್ನು ಪ್ರೀತಿಸುತ್ತೇವೆಯೋ ಇಲ್ಲವೋ ಖಚಿತವಾಗಿ ಗೊತ್ತಾಗುವುದಿಲ್ಲ. ನೆರೆಯವರನ್ನು ಪ್ರೀತಿಸುತ್ತೇವೆಯೋ ಇಲ್ಲವೋ ಗೊತ್ತಾಗುತ್ತದೆ. ಭಕ್ತಿಯ ಸವಿ ಎಲ್ಲಿ ಕದಡೀತೋ ಎಂದು ಅಲುಗಾಡದೆ ಮುಸುಕೆಳೆದು ಕೂರುವ ಸಿಸ್ಟರುಗಳನ್ನು ಅವರು ಗದರುತ್ತಾರೆ. ಪಕ್ಕದಲ್ಲಿ ಒಬ್ಬಳು ಕಾಯಿಲೆ ಬಿದ್ದಿದ್ದರೆ ಧ್ಯಾನ ಬಿಟ್ಟು ಏಳಬೇಕು, ಆಕೆಗೆ ಊಟ ಸಾಲದಿದ್ದರೆ ತಾನು ಉಪವಾಸವಿರಬೇಕು. ಅಡುಗೆಮನೆಯ ಪಾತ್ರೆಪಡಗಗಳ ನಡುವೆಯೂ ಪ್ರಭು ಓಡಾಡುತ್ತಾರೆ ಎಂದು ಬರೆದವರೂ ಇವರೇ. 1562ರಲ್ಲಿ ಆವಿಲಾದಲ್ಲಿ ಸಂತ ಜೋಸೆಫರ ಹೆಸರಿನ ಪುಟ್ಟ ಮಠದಿಂದ ಆರಂಭಿಸಿ, ಮುಚ್ಚಿದ ಗಾಡಿಗಳಲ್ಲಿ ಸ್ಪೇನಿನ ಉದ್ದಗಲ ಸುತ್ತಿ, 1582ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹದಿನೇಳು ಕನ್ಯಾಮಠಗಳನ್ನು ಕಟ್ಟಿದ್ದರು.

ತೆರೆದ ಮನಸ್ಸು ಎಂದರೆ ಕೈಕಟ್ಟಿ ಕೂರುವುದು ಎಂದು ತಿಳಿದವರೂ ಇದ್ದರು. ಅದೇ ಸ್ಪೇನಿನಿಂದ ರೋಮಿಗೆ ಹೋದ ಮಿಗೆಲ್ ದೆ ಮೊಲಿನೋಸ್ ಎಂಬ ಪಾದ್ರಿ, ಆತ್ಮ ತನ್ನ ಎಲ್ಲ ಕ್ರಿಯೆಗಳನ್ನೂ ನಿಲ್ಲಿಸಿ ನಿಶ್ಚಲವಾಗಬೇಕೆಂದು ಬೋಧಿಸಿದರು. 1687ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೋಸೆಂಟ್ ಈ ಬೋಧನೆಯನ್ನು ಖಂಡಿಸಿದರು. ಶಿಕ್ಷೆ ಕಠಿಣವೇ ಆಗಿತ್ತು, ಮೊಲಿನೋಸ್ ಸೆರೆಯಲ್ಲೇ ಸತ್ತರು. ಆದರೂ ಧರ್ಮಸಭೆಯ ಆತಂಕಕ್ಕೆ ಆಧಾರವಿತ್ತು: ಎಚ್ಚರವನ್ನೇ ಬಿಟ್ಟ ಮನಸ್ಸು ಸರಿತಪ್ಪುಗಳ ಹೊಣೆಯನ್ನೂ ಬಿಡಬಹುದು.

ಕೈಕಟ್ಟಿ ಕೂರದ ತೆರೇಸಾರ ಪರಂಪರೆ 1870ರಲ್ಲಿ ಫ್ರಾನ್ಸಿನಿಂದ ಹೊರಟ ಕಾರ್ಮೆಲ್ ಸಿಸ್ಟರುಗಳ ತಂಡದೊಂದಿಗೆ ಮಂಗಳೂರಿಗೆ ಬಂತು. ಆ ತಂಡದಲ್ಲಿ ಗಲಿಲೇಯದಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಂಬ ಸಿಸ್ಟರ್ ಇದ್ದರು. ಆಕೆಗಾಗುತ್ತಿದ್ದ ಭಾವಸಮಾಧಿಗಳನ್ನು ಮಂಗಳೂರಿನ ಹಿರಿಯರು ಸಂಶಯದಿಂದ ನೋಡಿ 1872ರಲ್ಲಿ ಫ್ರಾನ್ಸಿಗೆ ಹಿಂದಕ್ಕೆ ಕಳಿಸಿದರು. ಆಕೆ ಎದುರಾಡದೆ ಹೋದರು, ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ನಿಂತರು, ಅಲ್ಲಿನ ಕಟ್ಟಡದ ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು ಆದ ಗಾಯ ವಿಷವೇರಿ 1878ರಲ್ಲಿ ತೀರಿಕೊಂಡರು. 2015ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಅದೇ 1870ರಲ್ಲಿ ಮಂಗಳೂರಿಗೆ ಬಂದ ಇನ್ನೊಂದು ಶಾಖೆ, ಮದರ್ ವೆರೋನಿಕಾ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್, ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡಿತು. ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಆರಂಭವಾದದ್ದು ಈ ಸಿಸ್ಟರುಗಳಿಂದಲೇ.