ಎಳೆಯ ಬಳ್ಳಿಗೆ ಕೋಲು

ಮುಂಗಾರು ಮಳೆ ಬಿದ್ದಾಗ ನಾವು ಹಿತ್ತಲಲ್ಲಿ ಹೀರೆಯ ಬೀಜವನ್ನು ಊರುತ್ತೇವೆ. ಕೆಲವು ದಿನಗಳಲ್ಲಿ ಮೊಳಕೆಯು ಮೇಲೆ ಬಂದು, ಎಳೆಯ ಕುಡಿಯು ಆಧಾರಕ್ಕಾಗಿ ಅತ್ತಿತ್ತ ತಡಕಾಡುವದು. ಆಗ ಮನೆಯ ಯಜಮಾನಿಯು ಒಂದು ಕೋಲನ್ನು ತಂದು ಅದರ ಬಳಿಯಲ್ಲಿ ನೆಡುವಳು. "ಈ ಬಳ್ಳಿಯು ತಾನಾಗಿ ನೆಟ್ಟಗೆ ನಿಲ್ಲುವದೋ ಇಲ್ಲವೋ ನೋಡೋಣ, ನಿಂತರೆ ಕೋಲು ಕೊಡೋಣ" ಎನ್ನುವ ಹೆಂಗಸನ್ನು ನಾವು ಯಾವ ಊರಲ್ಲಿಯೂ ಕಂಡಿಲ್ಲ. ಹಾಗೆ ಹೇಳಿದರೆ ನೆರೆಯವರು ನಗುವರು. ಆದರೆ ದೇವರ ತೋಟವಾಗಿರುವ ಸಭೆಯಲ್ಲಿ, ಹೊಸದಾಗಿ ನಂಬಿದವರ ವಿಷಯವಾಗಿ, ನಾವು ಇದೇ ಮಾತನ್ನು ಆಡುತ್ತೇವೆ. ಆಗ ಯಾರೂ ನಗುವದಿಲ್ಲ. ಅದಕ್ಕೆ ವಿವೇಕವೆಂದು ಹೆಸರಿಡುತ್ತೇವೆ.

ಮತ್ತೊಬ್ಬನ ನಂಬಿಕೆಗೋಸ್ಕರ ನಮ್ಮ ಸಮಯವನ್ನೂ ಪ್ರೀತಿಯನ್ನೂ ಮಾನವನ್ನೂ ವೆಚ್ಚಮಾಡುವದಕ್ಕೆ ನಾವು ಯಾಕೆ ಹಿಂಜರಿಯುತ್ತೇವೆ? ಪರರ ಮೇಲೆ ತಪ್ಪು ಹೊರಿಸುವದಕ್ಕೆ ನಾವು ಈ ಪ್ರಶ್ನೆಯನ್ನು ಎತ್ತಲಿಲ್ಲ. ನಮ್ಮ ತಪ್ಪನ್ನೇ ಮೊದಲು ಹೇಳುವೆವು.

ಕೆಲವು ವರುಷಗಳ ಹಿಂದೆ ನಾವು ಸೇವೆಮಾಡುತ್ತಿದ್ದ ಊರಲ್ಲಿ ಒಬ್ಬ ಯೌವನಸ್ಥನು ದೀಕ್ಷಾಸ್ನಾನ ಹೊಂದಿದನು. ಅವನ ಮನೆಯವರು ಅವನ ಸಂಗಡ ಉಣ್ಣುವದನ್ನು ಬಿಟ್ಟರು. ಅವನು ದಿನದ ಕೂಲಿಯನ್ನು ಮುಗಿಸಿಕೊಂಡು ಸಾಯಂಕಾಲದಲ್ಲಿ ನಮ್ಮ ಜಗಲಿಗೆ ಬಂದು ಸುಮ್ಮನೆ ಕುಳಿತುಕೊಳ್ಳುತ್ತಿದ್ದನು. ಅವನಿಗೆ ಓದು ಬಾರದು. ತನಗೆ ಓದಲು ಕಲಿಸಬೇಕೆಂದು ಎರಡು ಸಾರಿ ಕೇಳಿಕೊಂಡನು. ಅವನು ಮೊದಲು ಕುಡುಕನಾಗಿದ್ದನೆಂದು ನಾವು ಬಲ್ಲೆವು. ಆದದರಿಂದ, "ಇವನು ಒಂದು ವರುಷ ನಿಲ್ಲಲಿ, ಆಮೇಲೆ ನೋಡೋಣ" ಎಂದು ಮನಸ್ಸಿನಲ್ಲಿ ಅಂದುಕೊಂಡು, ಅವನಿಗೆ, "ಸುಗ್ಗಿ ಮುಗಿಯಲಿ" ಎಂದು ಹೇಳಿದೆವು. ಸುಗ್ಗಿ ಮುಗಿಯಿತು. ದಿನಾಲು ಬರುತ್ತಿದ್ದವನು ವಾರಕ್ಕೊಮ್ಮೆ ಬಂದನು, ತಿಂಗಳಿಗೊಮ್ಮೆ ಬಂದನು, ಕಡೆಗೆ ಬಾರದೆ ಹೋದನು. ಬಹುಕಾಲದ ಮೇಲೆ ಸಂತೆಯಲ್ಲಿ ಸಿಕ್ಕಿದಾಗ ಅವನು ಸಿಟ್ಟಿಲ್ಲದೆ ನಮಗೆ, "ಉಪದೇಶಿಗಳೇ, ಇವನು ಬೀಳುತ್ತಾನೋ ಏನೋ ಅಂತ ನೀವು ನೋಡುತ್ತಾ ಕೂತಿರಿ. ನಾನು ಬಿದ್ದೆ" ಎಂದನು.

ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ನಂಬಿಕೆಯು ಶೋಧಿಸಲ್ಪಡುವ ದಿವಸಗಳೇ ಜೊತೆಗಾರನು ಬೇಕಾದ ದಿವಸಗಳು. ಶೋಧನೆ ಮುಗಿದ ಮೇಲೆ ಬರುವೆನೆಂಬವನು ಹೊಳೆಯನ್ನು ದಾಟಿ ದಡದಲ್ಲಿ ನಿಂತವನಿಗೆ ಕೈಕೊಡುವವನಾಗಿದ್ದಾನೆ. ದೂರದಲ್ಲಿ ನಿಂತು ಕಾದು ನೋಡುವವನು ತಾನು ಯಾವ ಪಕ್ಷಕ್ಕೂ ಸೇರದ ಸಾಕ್ಷಿಯೆಂದು ತಿಳಿಯುತ್ತಾನೆ. ಆದರೆ ಅವನು ಬಿಟ್ಟುಹೋದ ಸ್ಥಳವೇ ಆ ಬಡವನು ಬಿದ್ದ ಸ್ಥಳವಾಗುವದು.

ಇದಕ್ಕೆ ಒಬ್ಬನು, "ಎಚ್ಚರಿಕೆ ಬೇಡವೋ? ಕಪಟಿಗಳು ಇಲ್ಲವೋ?" ಎಂದು ಕೇಳಬಹುದು. ಇದ್ದಾರೆ. ದಮಸ್ಕದ ಅನನೀಯನಿಗೆ ಇದೇ ಭಯವಿತ್ತು, ಅದು ಸುಳ್ಳು ಭಯವಾಗಿರಲಿಲ್ಲ. ಸೌಲನು ಯೆರೂಸಲೇಮಿನಲ್ಲಿ ಭಕ್ತರಿಗೆ ಮಾಡಿದ ಕೇಡನ್ನೂ, ದಮಸ್ಕಕ್ಕೆ ತಂದಿದ್ದ ಅಧಿಕಾರವನ್ನೂ ಅವನು ಕೇಳಿದ್ದನು. ಆ ಭಯವನ್ನು ಅವನು ಮನಸ್ಸಿನಲ್ಲಿ ಮುಚ್ಚಿಟ್ಟುಕೊಳ್ಳದೆ ಕರ್ತನ ಮುಂದೆಯೇ ಹೇಳಿದನು. ಆದರೆ ಹೇಳಿದ ಮೇಲೆ ಎದ್ದು ಹೋದನು. ಹೋಗಿ ಆ ಕುರುಡನಾದ ಶತ್ರುವಿನ ಮೇಲೆ ಕೈಗಳನ್ನಿಟ್ಟು ಅವನನ್ನು ಸಹೋದರನೆಂದು ಕರೆದನು. ಸೌಲನು ಒಳ್ಳೆಯವನೆಂದು ಊರಿಗೆ ಗೊತ್ತಾಗುವದಕ್ಕೆ ಮುಂಚೆಯೇ ಆ ಹೆಸರು ಅವನಿಗೆ ಸಿಕ್ಕಿತು. ಹೊಸದಾಗಿ ನಂಬಿದವನಿಗೆ ಸಭೆಯ ಮೇಲ್ವಿಚಾರಣೆಯನ್ನು ಕೊಡಬಾರದೆಂದು ಅಪೊಸ್ತಲನು ತಿಮೊಥೆಯನಿಗೆ ಬರೆದದ್ದು ಸತ್ಯವೇ. ಅಧಿಕಾರವನ್ನು ಕೊಡುವದಕ್ಕೆ ಕಾಯಬೇಕು; ಪ್ರೀತಿಯನ್ನು ಕೊಡುವದಕ್ಕೆ ಕಾಯಬಾರದು. ಈ ಎರಡನ್ನು ಒಂದೇ ಎಂದು ಎಣಿಸಿದ್ದು ನಮ್ಮ ತಪ್ಪಾಗಿತ್ತು.

ಇನ್ನು ಕೆಲವರು, "ನಾವು ಓದದವರು, ಮತ್ತೊಬ್ಬನಿಗೆ ಏನು ಕೊಡಬಲ್ಲೆವು? ಅದು ಉಪದೇಶಿಯ ಕೆಲಸ" ಎನ್ನುವರು. ಇದು ದೀನತೆಯ ಉಡುಪನ್ನು ತೊಟ್ಟು ಬರುವ ಹಿಂಜರಿಕೆ. ಎಫೆಸದಲ್ಲಿ ಅಪೊಲ್ಲೋಸನೆಂಬ ವಾಕ್ಚಾತುರ್ಯವುಳ್ಳ ಪಂಡಿತನಿಗೆ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿದವರು ಯಾರು? ಗುಡಾರ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಅಕ್ವಿಲನೂ ಅವನ ಹೆಂಡತಿಯಾದ ಪ್ರಿಸ್ಕಿಲ್ಲಳೂ ಅಲ್ಲವೇ? ಅವರು ಅವನನ್ನು ಸಭೆಯ ಮುಂದೆ ನಾಚಿಕೆಪಡಿಸದೆ, ತಮ್ಮ ಬಳಿಗೆ ಕರಕೊಂಡು ತಿಳಿಸಿದರು. ನಮ್ಮ ಸಭೆಯಲ್ಲಿ ಅಕ್ಷರ ಬಾರದ ಒಬ್ಬ ಮುದಿ ವಿಧವೆ ಇದ್ದಳು. ನೆರೆಮನೆಯ ಸೊಸೆಯು ಹೊಸದಾಗಿ ನಂಬಿದವಳು. ಅವಳ ಕೂಸಿಗೆ ಜ್ವರ ಬಂದಾಗ, ಹಳೇ ದೇವರನ್ನು ಬಿಟ್ಟದ್ದರಿಂದಲೇ ಹೀಗಾಯಿತೆಂದು ಮನೆಯವರು ಅವಳನ್ನು ಹೆದರಿಸಿದರು. ಈ ಅಜ್ಜಿಯು ಕೂಸನ್ನು ಆಸ್ಪತ್ರೆಗೆ ಕರಕೊಂಡು ಹೋಗುವಾಗ ಅವಳ ಸಂಗಡ ಹೋದಳು. ಕೂಸು ಗುಣವಾಗುವ ತನಕ ಪ್ರತಿ ರಾತ್ರಿ ಅವಳ ಬಳಿಯಲ್ಲಿ ಕುಳಿತು, ತನಗೆ ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆಯನ್ನು ಹೇಳಿದಳು. ಆ ಅಜ್ಜಿಯಲ್ಲಿ ಬೇರೆ ವಿದ್ಯೆ ಏನೂ ಇರಲಿಲ್ಲ. ಆ ಸೊಸೆಯು ಇಂದಿಗೂ ಸಭೆಯಲ್ಲಿ ನಿಂತಿದ್ದಾಳೆ.

ಮೂರನೆಯ ಹಿಂಜರಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ: "ನಾವು ಬೆಳೆಸಿದವನು ನಮ್ಮನ್ನು ಮೀರಿಹೋದರೆ?" ಬಾರ್ನಬನನ್ನು ನೋಡಿರಿ. ಶಿಷ್ಯರೆಲ್ಲರು ಸೌಲನಿಗೆ ಹೆದರುತ್ತಿದ್ದಾಗ ಅವನನ್ನು ಅಪೊಸ್ತಲರ ಬಳಿಗೆ ಕರಕೊಂಡು ಹೋದವನು ಇವನೇ. ಆಮೇಲೆ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ ಅಂತಿಯೋಕ್ಯಕ್ಕೆ ಕರತಂದವನೂ ಇವನೇ. ಮೊದಲು ಬಾರ್ನಬನೂ ಸೌಲನೂ ಎಂದು ಬರೆದದೆ. ಸ್ವಲ್ಪ ಮುಂದೆ ಓದಿದರೆ ಪೌಲನೂ ಬಾರ್ನಬನೂ ಎಂದಾಗಿದೆ. ತನ್ನ ಹೆಸರು ಹಿಂದಾದದ್ದಕ್ಕೆ ಬಾರ್ನಬನು ಗೊಣಗುಟ್ಟಿದನೆಂದು ಎಲ್ಲಿಯೂ ಬರೆದಿಲ್ಲ. ಪಂಫುಲ್ಯದಲ್ಲಿ ಬಿಟ್ಟುಹೋದ ಮಾರ್ಕನನ್ನು ಪೌಲನು ಬೇಡವೆಂದಾಗಲೂ ಬಾರ್ನಬನು ಅವನನ್ನು ಕರಕೊಂಡು ಕುಪ್ರದ್ವೀಪಕ್ಕೆ ಹೋದನು. ಕಡೆಗೆ ಪೌಲನೇ ಸೆರೆಯಲ್ಲಿದ್ದಾಗ, ಮಾರ್ಕನು ತನ್ನ ಸೇವೆಗೆ ಉಪಯುಕ್ತನೆಂದು ಹೇಳಿ ಅವನನ್ನು ಕರತರಿಸಿಕೊಂಡನು.

ನಮ್ಮ ನಾಡಿನ ಸಭೆಯ ಚರಿತ್ರೆಯಲ್ಲಿಯೂ ಇಂಥ ಸಾಕ್ಷಿ ಇದೆ. ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್ ದೊರೆಗಳು 1836ರಲ್ಲಿ ಮಂಗಳೂರಿಗೆ ಬಂದರು. 1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ಅಲ್ಲಿ ದೀಕ್ಷಾಸ್ನಾನ ಹೊಂದಿದಾಗ ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಈ ತರುಣರು ನಿಲ್ಲುವರೋ ಹಿಂದಿರುಗುವರೋ ಎಂದು ಆಗ ಯಾವ ಮನುಷ್ಯನೂ ಖಂಡಿತವಾಗಿ ಹೇಳಲಾರನಾಗಿದ್ದನು. ಎರಡು ವರುಷಗಳ ಮೇಲೆ ಮೋಗ್ಲಿಂಗರು ಸ್ವದೇಶಕ್ಕೆ ಹೋಗುವಾಗ ಅವರನ್ನು ಸಂಗಡ ಕರಕೊಂಡು ಹೋದರು. ಕೌಂಡಿನ್ಯರು ಬಾಸೆಲಿನಲ್ಲಿ ಕಲಿತು, 1851ರಲ್ಲಿ ಬೋಧಕದೀಕ್ಷೆಯನ್ನು ಹೊಂದಿ ತಿರುಗಿ ಬಂದು, ಮಂಗಳೂರಿನಲ್ಲಿ ಉಪದೇಶಿಗಳಾಗತಕ್ಕವರಿಗೆ ಗುರುಗಳಾದರು. ಒಬ್ಬನಿಗೋಸ್ಕರ ವೆಚ್ಚವಾದದ್ದು ಹೀಗೆ ಅನೇಕರಿಗೆ ಹಂಚಿಹೋಯಿತು.

ಆದರೆ ಪ್ರಿಯರೇ, ಎಲ್ಲಾ ಬೀಜವೂ ಫಲ ಕೊಡುವದೆಂದು ನಾವು ಹೇಳುವದಿಲ್ಲ; ಕರ್ತನೂ ಹಾಗೆ ಹೇಳಲಿಲ್ಲ. ಆತನ ಸಾಮ್ಯದಲ್ಲಿ ದಾರಿಯಲ್ಲಿ ಬಿದ್ದದ್ದೂ ಬಂಡೆಯ ಮೇಲೆ ಬಿದ್ದದ್ದೂ ಮುಳ್ಳುಗಳಲ್ಲಿ ಬಿದ್ದದ್ದೂ ಇದೆ. ಸಾಲ ಕೊಡುವ ಸಾಹುಕಾರನು ಅಡವನ್ನು ಕೇಳುವನು. ಬಿತ್ತುವವನು ನೆಲದಿಂದ ಪತ್ರ ಬರೆಯಿಸಿಕೊಳ್ಳುವದಿಲ್ಲ. ನಾವು ನಮ್ಮ ಸಹೋದರನ ಬಳಿಗೆ ಸಾಹುಕಾರರಾಗಿ ಹೋಗುತ್ತೇವೋ, ಬಿತ್ತುವವರಾಗಿ ಹೋಗುತ್ತೇವೋ? ನಷ್ಟದ ಭಯವು ಇಬ್ಬರಿಗೂ ಉಂಟು. ಆದರೆ ಬಿತ್ತುವವನು ಅದನ್ನು ಮೊದಲೇ ಒಪ್ಪಿಕೊಂಡು ಹೊಲಕ್ಕೆ ಇಳಿಯುತ್ತಾನೆ.

ಕಳೆದ ಮಳೆಗಾಲದಲ್ಲಿ ನಾವು ಆ ಯೌವನಸ್ಥನ ಮನೆಯನ್ನು ವಿಚಾರಿಸಿಕೊಂಡು ಹೋದೆವು. ಅವನು ಈಗ ಇಬ್ಬರು ಮಕ್ಕಳ ತಂದೆ. ನಾವು ಮೊದಲು ಕ್ಷಮೆ ಬೇಡಿದೆವು. ಅವನು ಉತ್ತರ ಕೊಡದೆ ಚಾಪೆ ಹಾಸಿದನು. ಅವನ ಹಿರೇ ಮಗಳ ಹಲಗೆಯನ್ನು ಇಸಕೊಂಡು ಅದರ ಮೇಲೆ ಮೊದಲಿನ ನಾಲ್ಕು ಅಕ್ಷರಗಳನ್ನು ಬರೆದು ತೋರಿಸಿದೆವು. ಈಗ ವಾರಕ್ಕೊಂದು ಸಾಯಂಕಾಲ ನಾವೇ ಅವನ ಜಗಲಿಗೆ ಹೋಗುತ್ತೇವೆ. ಅವನು ಇನ್ನೂ ಆರಾಧನೆಗೆ ಬಂದಿಲ್ಲ. ಬರುವನೋ ಇಲ್ಲವೋ ಎಂದು ನಾವು ಎಣಿಸುವದನ್ನು ಬಿಟ್ಟಿದ್ದೇವೆ.

ನಿಮ್ಮ ಸಭೆಯಲ್ಲಿಯೂ ಇಂಥವರೊಬ್ಬರು ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕುಳಿತಿರಬಹುದು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಸಂಗಡ ಅವರ ಮನೆಯ ತನಕ ನಡೆದುಹೋಗಿರಿ. ಏನು ಮಾತಾಡಬೇಕೆಂದು ತಿಳಿಯದಿದ್ದರೂ ಹೋಗಿರಿ. ಕರ್ತನು ನಿಮ್ಮ ಸಂಗಡ ಇರಲಿ.