ಮನದ ಬೇನೆಗೆ ಮಾತಿನ ಮದ್ದು



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಾವು ಸುಮ್ಮನೆ ಕೂರುವುದಿಲ್ಲ. ಕಿವಿ ಮುಟ್ಟಿ ನೋಡುತ್ತೇವೆ, ಹೊಟ್ಟೆ ಒತ್ತಿ ನೋಡುತ್ತೇವೆ, ಸಂಜೆಯೊಳಗೆ ದನದ ಡಾಕ್ಟರನ್ನು ಕರೆತರುತ್ತೇವೆ. ಆದರೆ ಮನೆಯ ಯಜಮಾನ ಮೂರು ತಿಂಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಕೂರುತ್ತಾನೆ, ಅಂಗಡಿಗೆ ಹೋಗಲು ಮನಸ್ಸಿಲ್ಲ, ಮಕ್ಕಳು ಮಾತಾಡಿಸಿದರೆ ರೇಗುತ್ತಾನೆ ಎಂದರೆ, ‘ಇರಲಿ, ಮಳೆಯಾದರೆ ಸರಿಹೋಗುತ್ತದೆ’ ಎನ್ನುತ್ತೇವೆ. ಎತ್ತಿಗೆ ತೋರಿದ ಕಾಳಜಿಯನ್ನು ಮನುಷ್ಯನಿಗೆ ತೋರುವುದಿಲ್ಲ. ಇದು ವಿಚಾರ ಮಾಡಬೇಕಾದ ಸಂಗತಿ.

ಮನಸ್ಸಿನ ಬೇನೆಗೂ ಇಂದು ಚಿಕಿತ್ಸೆ ಇದೆ. ಗುಳಿಗೆಯ ಚಿಕಿತ್ಸೆ ಇದೆ, ಮಾತಿನ ಚಿಕಿತ್ಸೆಯೂ ಇದೆ. ಈ ಎರಡನೆಯದನ್ನು ಆಪ್ತಸಮಾಲೋಚನೆ ಎನ್ನುತ್ತಾರೆ, ಮನೋಚಿಕಿತ್ಸೆ ಎಂದೂ ಕರೆಯುತ್ತಾರೆ. ಗಡಿಭಾಗದ ನಮ್ಮ ಭಕ್ತರಲ್ಲಿ ಕೆಲವರು ಈಗ ಧೈರ್ಯ ಮಾಡಿ ಇಂಥ ಚಿಕಿತ್ಸೆಗೆ ಹೋಗುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಒಂದು ಸಲ ಹೋಗಿ, ‘ಬರೇ ಮಾತಾಡಿಸಿ ಕಳಿಸಿದ್ರು ಅಪ್ಪಾರ, ಒಂದು ಸೂಜಿ ಸೈತ ಮಾಡ್ಲಿಲ್ಲ’ ಎಂದು ಬಿಟ್ಟುಬರುವವರೂ ಇದ್ದಾರೆ. ಆದ್ದರಿಂದ ಆ ಚಿಕಿತ್ಸೆಯ ಪೂರ್ಣ ಫಲ ಪಡೆಯುವ ಬಗೆಯನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಮೊದಲು ಒಂದು ಸಂಶಯವನ್ನು ಪರಿಹರಿಸಿಕೊಳ್ಳಬೇಕು. ‘ದಿನಾ ಲಿಂಗಪೂಜೆ ಮಾಡುವವನಿಗೆ ಮನೋರೋಗ ಬರಬಹುದೇ? ಬಂದರೆ ಅವನ ಭಕ್ತಿ ಕಡಿಮೆ ಎಂದಲ್ಲವೇ?’ ಎಂದು ಕೇಳುವವರಿದ್ದಾರೆ. ಲಿಂಗಪೂಜೆ ಮಾಡುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೇ? ಕಣ್ಣಿಗೆ ಪೊರೆ ಬರುವುದಿಲ್ಲವೇ? ಪೊರೆ ಬಂದವನಿಗೆ ‘ನಿನ್ನ ಭಕ್ತಿ ಸಾಲದು’ ಎಂದು ಯಾರೂ ಹೇಳುವುದಿಲ್ಲ, ಆಪರೇಷನ್ ಮಾಡಿಸಿಕೋ ಎನ್ನುತ್ತಾರೆ. ಖಿನ್ನತೆಯೂ ಆತಂಕವೂ ಅಂಥವೇ ಕಾಯಿಲೆಗಳು. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಕಂಡಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಲ್ಲದೆ ಇದ್ದರು. ಪೂಜೆಯನ್ನು ಬಿಡಬೇಡಿ. ಪೂಜೆಯ ನೆಪದಲ್ಲಿ ಚಿಕಿತ್ಸೆಯನ್ನೂ ಬಿಡಬೇಡಿ. ವಿಭೂತಿ ಹಣೆಯ ಮೇಲಿರಲಿ, ಡಾಕ್ಟರ ಚೀಟಿ ಜೇಬಿನಲ್ಲಿರಲಿ. ಒಂದಕ್ಕೊಂದು ವಿರೋಧವಿಲ್ಲ.

ಮಾತಿನಿಂದ ಮನಸ್ಸು ಹಗುರಾಗುವುದೆಂಬುದು ನಮ್ಮ ಪರಂಪರೆಗೆ ಹೊಸತಲ್ಲ. ಶೂನ್ಯಸಂಪಾದನೆಯಲ್ಲಿ ಮುಕ್ತಾಯಕ್ಕನ ಪ್ರಸಂಗ ಬರುತ್ತದೆ. ಒಡಹುಟ್ಟಿದ ಅಣ್ಣ ಅಜಗಣ್ಣ ತೀರಿಹೋಗಿದ್ದಾನೆ. ಆತನೇ ಆಕೆಗೆ ಗುರು. ಆ ದುಃಖದಲ್ಲಿ ಕುಳಿತಿದ್ದ ಆಕೆಯ ಬಳಿಗೆ ಅಲ್ಲಮಪ್ರಭುಗಳು ಬರುತ್ತಾರೆ. ಅಳಬೇಡ ಎಂದು ಹೇಳಿ ಹೋಗಿಬಿಡಲಿಲ್ಲ. ನೀನಾರು, ಈ ದುಃಖವೇನು ಎಂದು ವಿಚಾರಿಸಿದರು. ಮುಕ್ತಾಯಕ್ಕ ತನ್ನ ದುಃಖವನ್ನು ಮುಚ್ಚಿಡಲಿಲ್ಲ. ಅಷ್ಟೇ ಅಲ್ಲ, ಪ್ರಭುಗಳು ಹೇಳಿದ್ದಕ್ಕೆಲ್ಲ ತಲೆದೂಗಲೂ ಇಲ್ಲ. ತಿರುಗಿ ಪ್ರಶ್ನಿಸಿದಳು, ಅವರ ನಿಲುವನ್ನೇ ಒರೆಗೆ ಹಚ್ಚಿದಳು. ಪ್ರಭುಗಳೂ ಸಿಟ್ಟಾಗಲಿಲ್ಲ. ಮಾತಿಗೆ ಮಾತು ಕೂಡುತ್ತ ಹೋಗಿ ಕೊನೆಗೆ ಆಕೆಯ ಅರಿವು ತಿಳಿಯಾಯಿತು. ಅದು ಆಧ್ಯಾತ್ಮದ ಸಂವಾದ. ಇಂದಿನ ಡಾಕ್ಟರು ಮಾಡುವ ಚಿಕಿತ್ಸೆಯೇ ಬೇರೆ, ಎರಡನ್ನೂ ಒಂದೇ ಎನ್ನಲಾಗದು. ಆದರೆ ಮಾತಿಗೆ ಕುಳಿತವರು ಹೇಗಿರಬೇಕು ಎಂಬುದಕ್ಕೆ ಮುಕ್ತಾಯಕ್ಕ ಒಂದು ಆದರ್ಶ. ಮುಚ್ಚಿಡಬಾರದು, ಸುಮ್ಮನೆ ಒಪ್ಪಬಾರದು, ನಡುವೆ ಎದ್ದುಹೋಗಬಾರದು.

ಯಾರ ಬಳಿ ಹೋಗಬೇಕು? ಮನೋವೈದ್ಯರು ಡಾಕ್ಟರಿಕೆ ಓದಿದವರು, ಅವರು ಔಷಧ ಬರೆದುಕೊಡುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧ ಕೊಡುವುದಿಲ್ಲ. ಮಾತಿನ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದಿರುತ್ತಾರೆ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅವರಿಗೆ ಇರಬೇಕು. ಕೆಲವರಿಗೆ ಮಾತೊಂದೇ ಸಾಕು, ಕೆಲವರಿಗೆ ಎರಡೂ ಬೇಕು. ಅದನ್ನು ಅವರು ನೋಡಿ ಹೇಳಲಿ. ಇನ್ನು ಫಲ ಪಡೆಯುವ ಬಗೆ.

ಮೊದಲನೆಯದು, ಸಿದ್ಧರಾಗಿ ಹೋಗಿರಿ. ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆ ಇರುತ್ತದೆ. ಸರಕಾರಿ ದವಾಖಾನೆಯಲ್ಲಿ ಗದ್ದಲವಿದ್ದರೆ ಅಷ್ಟೂ ಸಿಗಲಿಕ್ಕಿಲ್ಲ. ಮಗನ ಮದುವೆ, ಬೋರ್‌ವೆಲ್ ಬತ್ತಿದ್ದು, ಮಾರ್ಕೆಟ್ ದರ ಎಂದು ಊರ ಸುದ್ದಿ ಹೇಳುವುದರಲ್ಲೇ ಹೊತ್ತು ಹೋದೀತು. ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಿಡಿ. ತ್ರಾಸು ಯಾವಾಗ ಶುರುವಾಯಿತು, ಯಾವ ಹೊತ್ತಿಗೆ ಹೆಚ್ಚಾಗುತ್ತದೆ, ಯಾವ ಗುಳಿಗೆ ತಗೊಳ್ಳುತ್ತಿದ್ದೀರಿ, ಏನು ಸುಧಾರಿಸಬೇಕು. ‘ಸಮಾಧಾನ ಬೇಕು’ ಎಂದಷ್ಟೇ ಹೇಳಿದರೆ ಸಾಲದು. ‘ರಾತ್ರಿ ನಿದ್ದೆ ಬರಬೇಕು, ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ನಾನೇ ತೆಗೆಯಬೇಕು’ ಎಂದು ಹೇಳಿದರೆ ಅವರಿಗೂ ದಾರಿ ಕಾಣುತ್ತದೆ, ತಿಂಗಳ ಮೇಲೆ ಎಷ್ಟು ದೂರ ಬಂದೆವೆಂದು ನಿಮಗೂ ತಿಳಿಯುತ್ತದೆ.

ಎರಡನೆಯದು, ನಿಮ್ಮ ನುಡಿಯಲ್ಲಿ ಮಾತಾಡಿರಿ. ಗಡಿಭಾಗದ ನಮಗೆ ಇದು ಬಹಳ ದೊಡ್ಡ ಮಾತು. ಸೊಲ್ಲಾಪುರದ ಪೇಟೆಯಲ್ಲಿ ವ್ಯಾಪಾರಕ್ಕೆ ಮರಾಠಿ ಸಾಕು, ಆದೋನಿಯ ಅಡತಿ ಅಂಗಡಿಯಲ್ಲಿ ತೆಲುಗು ಸಾಕು. ಆದರೆ ಎದೆಯೊಳಗಿನ ಸಂಕಟ ವ್ಯಾಪಾರದ ಭಾಷೆಯಲ್ಲಿ ಹೊರಬರುವುದಿಲ್ಲ. ‘ಎದಿ ಒಜ್ಜಿ ಆಗೇದ, ಜೀವಕ್ಕ ಬ್ಯಾಸರಾಗೇದ’ ಎಂಬುದನ್ನು ಅವ್ವ ಕಲಿಸಿದ ಮಾತಿನಲ್ಲೇ ಹೇಳಬೇಕು. ಆದ್ದರಿಂದ ಹೆಸರು ಬರೆಸುವಾಗಲೇ ‘ಕನ್ನಡ ಬಲ್ಲವರು ಇದ್ದಾರೆಯೇ?’ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚವಿಲ್ಲ. ಇಲ್ಲದಿದ್ದರೆ ವಿಜಯಪುರ, ಕಲಬುರಗಿ, ಬಳ್ಳಾರಿಯಂಥ ಹತ್ತಿರದ ಊರುಗಳಲ್ಲಿ ವಿಚಾರಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆ ಇದೆ.

ಮೂರನೆಯದು, ಇದ್ದದ್ದನ್ನು ಇದ್ದಂತೆ ಹೇಳಿರಿ. ವಕೀಲರ ಮುಂದೆ ಅರ್ಧ ಕಾಗದ ಮುಚ್ಚಿಟ್ಟರೆ ಖಟ್ಲೆ ನಿಲ್ಲುವುದಿಲ್ಲ. ಕುಡಿತವಿದ್ದರೆ ಎಷ್ಟು ಎಂದು ಹೇಳಿ. ಖಾಸಗಿ ಸಾಲವಿದ್ದರೆ, ಅದು ಮನೆಯವರಿಗೆ ಗೊತ್ತಿಲ್ಲದಿದ್ದರೆ, ಅದನ್ನೂ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಈ ಜೀವ ಸಾಕು’ ಎಂಬ ವಿಚಾರ ಮನಸ್ಸಿಗೆ ಬಂದಿದ್ದರೆ ಅದನ್ನು ಮೊದಲನೇ ಭೇಟಿಯಲ್ಲೇ ಹೇಳಿಬಿಡಿ. ಹೇಳಿದರೆ ಅವರು ಗದರಿಸುವುದಿಲ್ಲ, ಹುಚ್ಚರೆಂದು ಬರೆದುಕೊಳ್ಳುವುದೂ ಇಲ್ಲ. ಅದನ್ನು ಕೇಳಿ ನೆರವಾಗುವುದಕ್ಕೇ ಅವರು ಕಲಿತಿರುತ್ತಾರೆ. ‘ಊರಿಗೆಲ್ಲ ಗೊತ್ತಾದರೆ ಮಗಳಿಗೆ ಗಂಡು ಸಿಗುತ್ತದೆಯೇ?’ ಎಂಬ ಭಯ ನಮಗೆ ತಿಳಿಯದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ವಿಷಯವನ್ನು ಗುಟ್ಟಾಗಿ ಇಡುವುದು ಚಿಕಿತ್ಸೆ ನೀಡುವವರ ಹೊಣೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶ ಮಾಡಿದಾಗ ಮುಂತಾದ ಕೆಲವು ಸಂದರ್ಭಗಳಷ್ಟೇ ಇದಕ್ಕೆ ಹೊರತು. ಆ ಮಿತಿ ಯಾವುದೆಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ನಾಲ್ಕನೆಯದು, ಹೊಂದದಿದ್ದರೆ ಅಲ್ಲಿಯೇ ಹೇಳಿರಿ. ನಮ್ಮ ಜನ ದೊಡ್ಡವರ ಮುಂದೆ ‘ಹೂಂ’ ಎನ್ನುತ್ತಾರೆ, ಹೊರಗೆ ಬಂದು ‘ಇನ್ನ ಈ ಕಡಿ ಹಾಯೂದಿಲ್ಲ’ ಎನ್ನುತ್ತಾರೆ. ಇದು ಗೌರವವಲ್ಲ. ‘ಡಾಕ್ಟರೇ, ನೀವು ಹೇಳಿದ್ದು ನನಗೆ ತಿಳಿಯಲಿಲ್ಲ’, ‘ಆ ಮಾತಿನಿಂದ ನನಗೆ ನೋವಾಯಿತು’, ‘ನಾಲ್ಕು ಸಲ ಬಂದೆ, ಫರಕು ಕಾಣುತ್ತಿಲ್ಲ’ ಎಂದು ಎದುರಿಗೇ ಹೇಳಬೇಕು. ಒಳ್ಳೆಯ ಸಮಾಲೋಚಕರು ಇದರಿಂದ ಬೇಸರ ಪಡುವುದಿಲ್ಲ, ದಾರಿ ಬದಲಿಸುತ್ತಾರೆ. ಇಬ್ಬರ ನಡುವಿನ ವಿಶ್ವಾಸ ಗಟ್ಟಿಯಾದಷ್ಟೂ ಚಿಕಿತ್ಸೆ ಫಲಿಸುತ್ತದೆಂದು ಈ ಶಾಸ್ತ್ರವನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಿದ ಮೇಲೂ ಹೊಂದದಿದ್ದರೆ ಬೇರೊಬ್ಬರ ಬಳಿಗೆ ಹೋಗಬಹುದು. ಒಬ್ಬರು ಹೊಂದಲಿಲ್ಲವೆಂದು ಚಿಕಿತ್ಸೆಯನ್ನೇ ಬಿಡುವುದು ಬೇಡ.

ಐದನೆಯದು, ಅರಿವು ಆಚಾರಕ್ಕೆ ಬರಬೇಕು. ಶರಣರು ಅರಿವನ್ನೂ ಆಚಾರವನ್ನೂ ಬೇರ್ಪಡಿಸಲಿಲ್ಲ. ಡಾಕ್ಟರ ಕೋಣೆಯಲ್ಲಿ ಕಳೆಯುವುದು ವಾರಕ್ಕೆ ಮುಕ್ಕಾಲು ಗಂಟೆ, ಉಳಿದ ವಾರವೆಲ್ಲ ನಾವು ಇರುವುದು ಹೊಲದಲ್ಲಿ, ಮನೆಯಲ್ಲಿ, ಅಂಗಡಿಯಲ್ಲಿ. ಆದ್ದರಿಂದಲೇ ಅವರು ಮನೆಗೆಲಸ ಕೊಡುತ್ತಾರೆ. ದಿನಾ ಅರ್ಧ ತಾಸು ನಡೆಯಿರಿ, ಬಿಟ್ಟುಹೋದ ಭಜನೆಗೆ ಮತ್ತೆ ಹೋಗಿರಿ, ಮನಸ್ಸಿಗೆ ಬಂದ ಕೆಟ್ಟ ವಿಚಾರವನ್ನು ಬರೆದಿಟ್ಟು ಅದು ಎಷ್ಟು ನಿಜವೆಂದು ನೋಡಿರಿ ಎಂದು ಹೇಳುತ್ತಾರೆ. ವ್ಯಾಪಾರಸ್ಥರು ದಿನದ ಕಿರ್ದಿ ಬರೆಯುವುದಿಲ್ಲವೇ? ಇದು ಮನಸ್ಸಿನ ಕಿರ್ದಿ. ‘ಬೆಳೆ ಹೋಯಿತು’ ಎಂಬುದು ನಡೆದ ಸಂಗತಿ. ‘ನಾನು ಯಾವುದಕ್ಕೂ ಬಾರದವನು’ ಎಂಬುದು ಖಿನ್ನತೆ ಬರೆದ ಸುಳ್ಳು ಲೆಕ್ಕ. ಎರಡನ್ನೂ ಬೇರೆ ಬೇರೆ ಕಟ್ಟಿಗೆ ಬರೆದಾಗಲೇ ವ್ಯತ್ಯಾಸ ಕಾಣುವುದು.

ಇದು ಬರೀ ಉಪದೇಶದ ಮಾತಲ್ಲ. ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ ಎಂಬ ಸಂಸ್ಥೆಯವರು ತೀವ್ರ ಖಿನ್ನತೆಯುಳ್ಳವರಿಗೆ ಇಂಥ ಚಿಕಿತ್ಸೆಯನ್ನು ಕೊಟ್ಟು ಪರೀಕ್ಷಿಸಿದರು. ಕೊಟ್ಟವರು ಡಾಕ್ಟರರಲ್ಲ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು. ಆರರಿಂದ ಎಂಟು ಭೇಟಿ. ಬಿಟ್ಟುಬಿಟ್ಟ ಒಳ್ಳೆಯ ಕೆಲಸಗಳಿಗೆ ರೋಗಿಯನ್ನು ಒಂದೊಂದಾಗಿ ಮರಳಿ ಹಚ್ಚುವುದೇ ಅದರ ತಿರುಳು. ಮೂರು ತಿಂಗಳ ಮೇಲೆ ನೋಡಿದಾಗ, ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64 ಮಂದಿಯ ಖಿನ್ನತೆ ಇಳಿದಿತ್ತು. ಕೇಂದ್ರದ ಮಾಮೂಲಿ ಉಪಚಾರವನ್ನಷ್ಟೇ ಪಡೆದವರಲ್ಲಿ ಇಳಿದದ್ದು 39 ಮಂದಿಗೆ. 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ಕೆಲಸವೇ ಮನಸ್ಸನ್ನು ಮೇಲೆತ್ತುತ್ತದೆ ಎಂಬ ಮಾತು ಕಾಯಕವನ್ನು ನಂಬಿದ ನಮಗೆ ಅಚ್ಚರಿಯದಲ್ಲ. ಆದರೆ ‘ಎದ್ದು ಕೆಲಸ ಮಾಡು, ಎಲ್ಲಾ ಹೋಗ್ತೈತಿ’ ಎಂದು ಬೈಯುವುದು ಬೇರೆ, ಕೈಹಿಡಿದು ಒಂದೊಂದೇ ಹೆಜ್ಜೆ ನಡೆಸುವುದು ಬೇರೆ.

ಆರನೆಯದು, ನಡುವೆ ಬಿಡಬೇಡಿರಿ. ಸೊಲ್ಲಾಪುರದ ನಡುವೆ ಇರುವ ಸಿದ್ಧರಾಮೇಶ್ವರರ ಕೆರೆಯನ್ನು ನೀವೆಲ್ಲ ನೋಡಿದ್ದೀರಿ. ಅದು ಒಂದು ಬುಟ್ಟಿ ಮಣ್ಣು ತೆಗೆದಾಗ ಆದ ಕೆರೆಯಲ್ಲ. ಮಾತಿನ ಚಿಕಿತ್ಸೆಯ ಫಲ ಕಾಣಲು ಹಲವು ವಾರ ಬೇಕು. ಒಂದೆರಡು ಭೇಟಿಗಳ ಮೇಲೆ ಹಳೆಯ ದುಃಖ ಕೆದಕಿದಂತಾಗಿ ತ್ರಾಸು ಹೆಚ್ಚಾದಂತೆ ಅನಿಸುವುದೂ ಉಂಟು, ಅದನ್ನು ಅವರಿಗೆ ತಿಳಿಸಿ. ಖಿನ್ನತೆಯ ಗುಳಿಗೆಗಳೂ ಕೆಲಸ ಮಾಡಲು ಎರಡು ಮೂರು ವಾರ, ಕೆಲವೊಮ್ಮೆ ಹೆಚ್ಚೇ ಹಿಡಿಯುತ್ತದೆ. ಆರಾಮಾಯಿತೆಂದು ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಸುಗ್ಗಿಯಲ್ಲಿ, ಜಾತ್ರೆಯಲ್ಲಿ ಹೋಗಲಾಗದಿದ್ದರೆ ಮೊದಲೇ ಹೇಳಿ ಬೇರೆ ದಿನ ಕೇಳಿಕೊಳ್ಳಿ. ಚಿಕಿತ್ಸೆ ಮುಗಿಸುವುದನ್ನೂ ಇಬ್ಬರೂ ಕೂಡಿ ಮಾತಾಡಿಯೇ ಮುಗಿಸಿರಿ. ತ್ರಾಸು ಮತ್ತೆ ಬರುವಾಗ ಮೊದಲು ಕಾಣುವ ಸುಳಿವು ಯಾವುದು, ಆಗ ಏನು ಮಾಡಬೇಕು ಎಂದು ಕೇಳಿ ಬರೆದುಕೊಂಡು ಬನ್ನಿರಿ.

ಮನೆಯವರಿಗೂ ಎರಡು ಮಾತು. ತಾಯಂದಿರೇ, ಅಣ್ಣತಮ್ಮಂದಿರೇ, ಡಾಕ್ಟರ ಬಳಿಯಿಂದ ಬಂದವರನ್ನು ಬಸ್ಸಿನಲ್ಲಿಯೇ ‘ಏನ್ ಕೇಳಿದ್ರು? ನಮ್ಮ ಮ್ಯಾಲ ಏನರ ಹೇಳಿದ್ಯಾ?’ ಎಂದು ಪೀಡಿಸಬೇಡಿರಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಸೊಸೆ ಹೋಗಬೇಕಾದಾಗ ಆಕೆಯ ಜೊತೆಗೆ ಒಳಗೆ ಕುಳಿತು ಅತ್ತೆಯೇ ಉತ್ತರ ಕೊಟ್ಟರೆ ಆಕೆಯ ನೋವು ಆಕೆಯಲ್ಲೇ ಉಳಿಯುತ್ತದೆ. ಬಾಗಿಲ ತನಕ ಜೊತೆಗೆ ಹೋಗಿರಿ, ಹೊರಗೆ ಕುಳಿತಿರಿ. ಇನ್ನೊಂದು ಅತಿ ಮುಖ್ಯ ಮಾತು. ದಾಳಿಂಬೆಗೂ ದ್ರಾಕ್ಷಿಗೂ ಹತ್ತಿಗೂ ಹೊಡೆಯುವ ವಿಷದ ಔಷಧಿಯನ್ನು ಮನೆಯ ಮಾಡಿನಲ್ಲಿ ಇಡಬೇಡಿರಿ. ಬೀಗ ಹಾಕಿ, ಕೀಲಿ ಬೇರೆಯವರ ಕೈಯಲ್ಲಿರಲಿ. ಜೀವ ಬೇಡವೆನಿಸುವ ಆ ಗಳಿಗೆ ಅನೇಕರಲ್ಲಿ ಬಂದು ದಾಟಿಹೋಗುವಂಥದು. ಆ ಹೊತ್ತಿಗೆ ಡಬ್ಬಿ ಕೈಗೆ ಸಿಗದಿದ್ದರೆ ಒಂದು ಜೀವ ಉಳಿದೀತು.

ದೂರದ ಹಳ್ಳಿಯವರಿಗೆ, ಖರ್ಚಿಗೆ ಹೆದರುವವರಿಗೆ ಒಂದು ಅನುಕೂಲವಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿತು. ನಂಬರು 14416. ಹಗಲಿರುಳು ನಡೆಯುತ್ತದೆ, ದುಡ್ಡಿಲ್ಲ, ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರಕಾರಿ ದವಾಖಾನೆಗಳಲ್ಲೂ ಈ ಸೇವೆ ಉಂಟು. 1996ರಲ್ಲಿ ಆರಂಭವಾದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ.

ಬಂಧುಗಳೇ, ಮಠಕ್ಕೆ ಬಂದು ನಮ್ಮ ಮುಂದೆ ಕಣ್ಣೀರು ಹಾಕುವವರನ್ನು ನಾವು ಬೇಡವೆನ್ನುವುದಿಲ್ಲ. ಬನ್ನಿರಿ, ಕುಳಿತುಕೊಳ್ಳಿರಿ, ಪ್ರಸಾದ ಸ್ವೀಕರಿಸಿರಿ. ಆದರೆ ನಮ್ಮ ಆಶೀರ್ವಾದ ಡಾಕ್ಟರ ಚಿಕಿತ್ಸೆಗೆ ಬದಲಿಯಲ್ಲ, ಅದಕ್ಕೆ ಬೆಂಬಲ. ಅನುಭವ ಮಂಟಪದಲ್ಲಿ ಅರಸನ ಮಂತ್ರಿಯೂ ಮಾತಾಡಿದ, ಕಟ್ಟಿಗೆ ಮಾರುವವನೂ ಮಾತಾಡಿದ, ಹೆಂಗಸರೂ ಮಾತಾಡಿದರು. ಅಲ್ಲಿ ಯಾರಿಗೂ ಬಾಯಿಗೆ ಬೀಗವಿರಲಿಲ್ಲ. ಆ ಶರಣರ ಮಕ್ಕಳಾದ ನಾವು ನೋವನ್ನು ನುಂಗಿಕೊಂಡು ಸಾಯುವುದು ತರವಲ್ಲ. ನಿಮ್ಮ ಓಣಿಯಲ್ಲಿ ಮಾತು ಬಿಟ್ಟು ಕುಳಿತವರು ಯಾರಾದರೂ ಇದ್ದರೆ ಈ ವಾರವೇ ಅವರ ಮನೆಗೆ ಹೋಗಿರಿ, ಪಕ್ಕದಲ್ಲಿ ಕುಳಿತು ಕೇಳಿರಿ, ಬೇಕಾದರೆ ದವಾಖಾನೆಯ ತನಕ ಜೊತೆಗೆ ನಡೆಯಿರಿ. ಅದೂ ಒಂದು ದಾಸೋಹವೇ.

ಎಲ್ಲರ ಮನೆಗಳಲ್ಲಿ ನೆಮ್ಮದಿಯ ನಿದ್ದೆ ನೆಲೆಸಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.